ಕಾರಿನ ದೊಡ್ಡ ಟಚ್‌ಸ್ಕ್ರೀನ್ ತಗೊಳ್ಳಲಾ, ನನ್ನ ಫೋನೇ ಸಾಕಾ?

ಮಳೆದಾರಿ:

ನಮಸ್ಕಾರ ಎಲ್ಲರಿಗೂ. ಹನ್ನೊಂದು ವರ್ಷದ ಹಳೇ ಕಾರು ಕೊಟ್ಟು ಹೊಸದು ತಗೊಳ್ಳುವ ಯೋಚನೆಯಲ್ಲಿದ್ದೇನೆ. ಕಾರು ಯಾವುದು ಅಂತ ತೀರ್ಮಾನ ಆಗಿದೆ, ಮಾಡೆಲ್ ಯಾವುದು ಅಂತ ಆಗಿಲ್ಲ. ಮೇಲಿನ ಮಾಡೆಲ್‌ನಲ್ಲಿ ಡ್ಯಾಶ್‌ಬೋರ್ಡ್ ತುಂಬಾ ಒಂದೇ ದೊಡ್ಡ ಟಚ್‌ಸ್ಕ್ರೀನ್. ಎಸಿ, ಫ್ಯಾನು, ಹಾಡು, ಮ್ಯಾಪು, ಪಕ್ಕದ ಕನ್ನಡಿ ತಿರುಗಿಸುವುದು, ಎಲ್ಲಾ ಅದರೊಳಗೇ. ಬಟನ್ ಅಂತ ಹುಡುಕಿದರೆ ಹಜಾರ್ಡ್ ಲೈಟಿನದು ಒಂದು ಸಿಗುತ್ತದೆ. ಕೆಳಗಿನ ಮಾಡೆಲ್‌ನಲ್ಲಿ ಸಣ್ಣ ಸ್ಕ್ರೀನು, ಎಸಿಗೆ ಮೂರು ನಾಬು, ವಾಲ್ಯೂಮಿಗೆ ಒಂದು ನಾಬು.

ಹೋದ ತಿಂಗಳು ನನ್ನ ಕಾರು ರಿಪೇರಿಗೆ ಹೋಗಿತ್ತು. ನಾಲ್ಕು ದಿನ ಬೇರೊಂದು ಕಾರು ಓಡಿಸಿದೆ. ಅದೂ ಎಲ್ಲಾ ಸ್ಕ್ರೀನೊಳಗೇ ಇರುವ ಜಾತಿ. ಒಂದು ಸಂಜೆ ಏಳರ ಹೊತ್ತಿಗೆ ಜೋರು ಮಳೆ. ಒಳಗೆ ನಾಲ್ಕು ಜನ, ಎಲ್ಲರ ಬಟ್ಟೆ ಒದ್ದೆ. ಮುಂದಿನ ಗಾಜು ಒಳಗಿನಿಂದ ಮಬ್ಬಾಗತೊಡಗಿತು. ನನ್ನ ಹಳೇ ಕಾರಾಗಿದ್ದರೆ ಕೈ ತಾನಾಗಿ ಹೋಗಿ ಕೊನೇ ನಾಬನ್ನು ಪೂರ್ತಿ ತಿರುಗಿಸಿಬಿಡುತ್ತಿತ್ತು. ಇಲ್ಲಿ ಸ್ಕ್ರೀನ್ ಮೇಲೆ ಮ್ಯಾಪ್ ಇತ್ತು. ಅದನ್ನು ಸರಿಸಿ ಎಸಿ ಇರುವ ಕಡೆ ಹೋದೆ. ಅಲ್ಲಿ ಎರಡು ಚಿತ್ರ ಪಕ್ಕಪಕ್ಕ. ಒಂದರಲ್ಲಿ ಬಾಗಿದ ಗಾಜು, ಅದರ ಮೇಲೆ ಮೂರು ಡೊಂಕು ಬಾಣ. ಇನ್ನೊಂದರಲ್ಲಿ ಆಯತದ ಗಾಜು, ಅದೇ ಮೂರು ಬಾಣ. ಯಾವುದು ಮುಂದಿನ ಗಾಜಿಗೆ, ಯಾವುದು ಹಿಂದಿನದಕ್ಕೆ ಅಂತ ನೋಡುತ್ತಿರುವಾಗಲೇ ಚಕ್ರ ಗುಂಡಿಗೆ ಇಳಿಯಿತು. ಬೆರಳು ಜಾರಿ ಸೀಟು ಬಿಸಿ ಮಾಡುವ ಚಿತ್ರವನ್ನು ಒತ್ತಿತು. ಹಿಂದಿನ ಸೀಟಿನಿಂದ ಮಗಳು "ಅಪ್ಪಾ, ಮುಂದೆ ನೋಡಪ್ಪಾ!" ಅಂತ ಕೂಗಿದಳು. ತಲೆ ಎತ್ತಿದರೆ ಲಾರಿಯ ಬ್ರೇಕ್ ಲೈಟು. ಮಬ್ಬಿನಲ್ಲಿ ಎರಡು ಕೆಂಪು ಉಂಡೆಗಳು, ತೀರಾ ಹತ್ತಿರ. ಕಾರು ನಿಂತಿತು, ಏನೂ ಆಗಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಹಾಗಂತ ಫೋನೇ ಒಳ್ಳೆಯದು ಅಂತ ಹೇಳಲೂ ಧೈರ್ಯ ಇಲ್ಲ. ಹಳೇ ಕಾರಿನಲ್ಲಿ ಎಸಿ ಜಾಲರಿಗೆ ಸಿಕ್ಕಿಸುವ ಹೋಲ್ಡರಿನಲ್ಲಿ ಫೋನ್ ಇಡುತ್ತೇನೆ. ಸರಿಯಾಗಿ ತಿರುವು ಬರುವ ಹೊತ್ತಿಗೆ ಮ್ಯಾಪಿನ ಮೇಲೆ ಯಾವುದೋ ಮೆಸೇಜ್ ಇಳಿದು ಬಾಣವನ್ನೇ ಮುಚ್ಚುತ್ತದೆ. ಒಂದು ಸಲ ಅದನ್ನು ಸರಿಸಲು ಹೋದಾಗ ಹೋಲ್ಡರ್ ಸಮೇತ ಫೋನ್ ಕೆಳಗೆ ಬಿತ್ತು. ಬಿದ್ದದ್ದು ಬ್ರೇಕ್ ಪೆಡಲ್ ಹತ್ತಿರ. ಕಾಲಿನಿಂದ ತಳ್ಳುತ್ತಾ, ಹಜಾರ್ಡ್ ಹಾಕಿ, ಹೇಗೋ ಬದಿಗೆ ತಂದು ನಿಲ್ಲಿಸಿದೆ.

ನನಗೆ 52 ವರ್ಷ. ದೂರಕ್ಕೂ ಹತ್ತಿರಕ್ಕೂ ಒಂದೇ ಕನ್ನಡಕ. ರಸ್ತೆಯಿಂದ ಕಣ್ಣು ಕೆಳಗಿಳಿಸಿದರೆ ಸ್ಕ್ರೀನಿನ ಅಕ್ಷರ ಸರಿ ಕಾಣಲು ಒಂದು ಗಳಿಗೆ ಬೇಕು, ಮತ್ತೆ ಎತ್ತಿದಾಗ ರಸ್ತೆ ಸರಿ ಕಾಣಲು ಇನ್ನೊಂದು. ಮಗಳು ಇದೇ ಕಾರಿನಲ್ಲಿ ಡ್ರೈವಿಂಗ್ ಕಲಿಯುವವಳು. ಅದಕ್ಕೇ ಕೇಳುತ್ತಿದ್ದೇನೆ. ನೋಡಲು ಯಾವುದು ಚೆಂದ ಅಂತಲ್ಲ, ಯಾವುದು ಸರಿ? ಬಳಸಿ ಗೊತ್ತಿರುವವರು ಹೇಳಿ.

ಹನ್ನೆರಡು ವೋಲ್ಟ್:

ಸರ್, ನಾನು ಕಾರಿಗೆ ಸ್ಟೀರಿಯೊ, ಸ್ಕ್ರೀನು, ಕ್ಯಾಮೆರಾ ಹಾಕುವ ಕೆಲಸದಲ್ಲಿ ಹದಿನೇಳು ವರ್ಷದಿಂದ ಇದ್ದೇನೆ. ನೀವು ಎರಡು ದಾರಿ ಹೇಳಿದ್ದೀರಿ, ಮೂರನೆಯದೂ ಇದೆ. ಆ ಕೆಳಗಿನ ಮಾಡೆಲ್‌ನ ಸಣ್ಣ ಸ್ಕ್ರೀನಿನಲ್ಲಿ ಆಪಲ್ ಕಾರ್‌ಪ್ಲೇ ಅಥವಾ ಆಂಡ್ರಾಯ್ಡ್ ಆಟೋ ಇದೆಯಾ ಕೇಳಿ. ಕಾರ್‌ಪ್ಲೇ 2014ರಲ್ಲಿ ಬಂತು, ಆಂಡ್ರಾಯ್ಡ್ ಆಟೋ 2015ರಲ್ಲಿ. ಈಗ ಸುಮಾರು ಕಾರುಗಳಲ್ಲಿ ಇರುತ್ತವೆ.

ಇದು ಹೇಗೆ ಕೆಲಸ ಮಾಡುತ್ತದೆ ಅಂದರೆ, ಮ್ಯಾಪು, ಹಾಡು, ಕರೆ ಎಲ್ಲಾ ಓಡುವುದು ನಿಮ್ಮ ಫೋನಿನಲ್ಲೇ. ಕಾರಿನ ಸ್ಕ್ರೀನಿಗೆ ಬರುವುದು ಅದರ ಚಿತ್ರ ಮಾತ್ರ, ಒಂಥರಾ ವಿಡಿಯೋ. ನೀವು ಎಲ್ಲಿ ಮುಟ್ಟಿದಿರಿ ಅನ್ನುವುದನ್ನು ಕಾರು ಫೋನಿಗೆ ವಾಪಸ್ ಹೇಳುತ್ತದೆ. ವೈರ್ ಇದ್ದರೆ ಯುಎಸ್‌ಬಿ. ವೈರ್ ಇಲ್ಲದಿದ್ದರೆ ಬ್ಲೂಟೂತಿನಲ್ಲಿ ಪರಿಚಯ ಮಾಡಿಕೊಂಡು ವೈಫೈನಲ್ಲಿ ಚಿತ್ರ ಕಳಿಸುತ್ತದೆ. ಓದದೇ ಇರುವ ಮೆಸೇಜನ್ನು ಅಕ್ಷರದಲ್ಲಿ ತೋರಿಸುವ ಬದಲು ಓದಿ ಹೇಳುತ್ತದೆ. ಫೋನ್ ಹೋಲ್ಡರಿನಲ್ಲಿ ಇರಬೇಕಾಗಿಲ್ಲ. ಖಾನೆಯೊಳಗೆ ಇಟ್ಟು ಮುಚ್ಚಿಬಿಡಿ, ಪೆಡಲ್ ಹತ್ತಿರ ಬೀಳುವ ಭಯವೇ ಇಲ್ಲ.

ಇನ್ನೊಂದು ಮಾತು. ಕಾರು ಹತ್ತು ಹನ್ನೆರಡು ವರ್ಷ ಓಡುತ್ತದೆ, ಅದರೊಳಗಿನ ಕಂಪ್ಯೂಟರಿಗೆ ಅಷ್ಟು ವರ್ಷ ತಾಳಿಕೆ ಇರಲ್ಲ. ಅಮೆರಿಕದಲ್ಲಿ 2021ರಲ್ಲಿ ಟೆಸ್ಲಾ ಸುಮಾರು 1 ಲಕ್ಷ 35 ಸಾವಿರ ಕಾರು ವಾಪಸ್ ಕರೆಸಬೇಕಾಯಿತು. ಕಾರಣ ಸ್ಕ್ರೀನಿನ ಹಿಂದಿದ್ದ 8 ಜಿಬಿಯ ಒಂದು ಮೆಮೊರಿ ಚಿಪ್. ಅದರ ಮೇಲೆ ಪದೇ ಪದೇ ಬರೆದು ಬರೆದು ಚಿಪ್ಪೇ ಸವೆದು ಹೋಗಿತ್ತು. ಸ್ಕ್ರೀನ್ ಸತ್ತರೆ ಹಾಡು ಹೋಗುವುದು ಸಣ್ಣ ಮಾತು. ಅದರ ಜೊತೆ ಹಿಂದಿನ ಕ್ಯಾಮೆರಾ ಹೋಗುತ್ತಿತ್ತು, ಗಾಜಿನ ಮಬ್ಬು ತೆಗೆಯುವ ಕಂಟ್ರೋಲೂ ಹೋಗುತ್ತಿತ್ತು. ನಿಮ್ಮ ಮಳೆ ಕಥೆ ಓದಿದಾಗ ನನಗೆ ಮೊದಲು ಇದೇ ನೆನಪಾಯಿತು. ನಾಬ್ ಕೆಟ್ಟರೆ ನಾಬ್ ಒಂದೇ ಕೆಡುತ್ತದೆ.

ಫೋನನ್ನು ಹೋಲ್ಡರಿನಲ್ಲೇ ಇಡುವುದಾದರೆ ಎರಡು ವಿಷಯ ಮರೆಯಬೇಡಿ. ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಜಾಗದ ಮುಂದೆ ಅಂಟಿಸಬೇಡಿ. ಡಿಕ್ಕಿಯಾದಾಗ ಅದು ಫೋನನ್ನು ಕಲ್ಲಿನ ಥರ ಎಸೆಯುತ್ತದೆ. ಇನ್ನೊಂದು, ಬಿಸಿಲು. ಐಫೋನ್ ಬಳಸಲು 35 ಡಿಗ್ರಿವರೆಗೆ ಸರಿ ಅಂತ ಆಪಲ್ ಕಂಪನಿಯೇ ಹೇಳುತ್ತದೆ. ಗಾಜಿನ ಹಿಂದೆ ಬಿಸಿಲಿಗೆ ಒಡ್ಡಿಕೊಂಡು, ಚಾರ್ಜೂ ಆಗುತ್ತಾ, ಮ್ಯಾಪೂ ಓಡಿಸುತ್ತಾ ಇದ್ದರೆ ಅದು ಬೇಗ ದಾಟುತ್ತದೆ. ಆಗ ಫೋನ್ ತನ್ನಷ್ಟಕ್ಕೆ ಬೆಳಕು ಕಡಿಮೆ ಮಾಡುತ್ತದೆ, ಇಲ್ಲವೇ ಬಂದ್ ಆಗುತ್ತದೆ. ಆಗುವುದೂ ಗೊತ್ತಿಲ್ಲದ ದಾರಿಯ ನಟ್ಟನಡುವೆ.

ನೀಲಿದೀಪ:

ದೊಡ್ಡ ಸ್ಕ್ರೀನಿನ ಪರವಾಗಿ ನಾನೂ ಎರಡು ಮಾತು ಹೇಳುತ್ತೇನೆ. ಮೂರು ವರ್ಷದಿಂದ ಅಂಥದ್ದೇ ಕಾರು ಓಡಿಸುತ್ತಿದ್ದೇನೆ. ಮ್ಯಾಪ್ ದೊಡ್ಡದಾಗಿ ಕಾಣುತ್ತದೆ. ಮುಂದಿನ ಮೂರು ತಿರುವು ಒಂದೇ ನೋಟಕ್ಕೆ ಸಿಗುತ್ತದೆ. ಹಿಂದಿನ ಕ್ಯಾಮೆರಾ ಅಷ್ಟು ದೊಡ್ಡದಾಗಿ ಕಂಡರೆ ಹಿಂದೆ ಮಗು ನಿಂತಿದ್ದರೂ ಗೊತ್ತಾಗುತ್ತದೆ. ಫೋನಿನಲ್ಲಿ ಅದು ಆಗಲ್ಲ ಅಲ್ವಾ? ವಾಲ್ಯೂಮು, ಕರೆ ಎರಡಕ್ಕೂ ಸ್ಟೇರಿಂಗ್ ಮೇಲೆ ಬಟನ್ ಇದೆ. ಸುರಂಗದೊಳಗೆ ಕೂಡ ಕಾರಿನ ಮ್ಯಾಪು ದಾರಿ ತಪ್ಪಲ್ಲ. ಚಕ್ರ ಎಷ್ಟು ಸುತ್ತು ತಿರುಗಿತು ಅಂತ ಅದಕ್ಕೆ ಗೊತ್ತಿರುತ್ತದೆ. ಅಭ್ಯಾಸ ಆಗುವವರೆಗೆ ಕಷ್ಟ, ಆಮೇಲೆ ಸಲೀಸು.

ಒಂದು ವಿಷಯ ಮಾತ್ರ ಒಪ್ಪುತ್ತೇನೆ. ಹೋದ ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಎಸಿಯ ಚಿತ್ರ ಬಲಗಡೆಯಿಂದ ಎಡಗಡೆಗೆ ಹೋಯಿತು. ಒಂದು ತಿಂಗಳು ನನ್ನ ಬೆರಳು ಹಳೇ ಜಾಗಕ್ಕೇ ಹೋಗುತ್ತಿತ್ತು.

ಎರಡುಸೆಕೆಂಡ್:

ನೀಲಿದೀಪ ಅವರು ಕೊನೆಗೆ ಹೇಳಿದ್ದೇ ಅಸಲು ವಿಷಯ ಅನ್ನಿಸುತ್ತದೆ ನನಗೆ. ಬೆರಳಿಗೆ ಜಾಗ ಗೊತ್ತಿದ್ದರೆ ಕಣ್ಣು ರಸ್ತೆ ಬಿಡಬೇಕಾಗಿಲ್ಲ. ಸ್ಕ್ರೀನ್ ನುಣುಪು. ಎಲ್ಲಿ ಮುಟ್ಟಿದರೂ ಒಂದೇ ಥರ. ನಾಬಿಗೆ ಅಂಚು ಇದೆ, ತಿರುಗಿಸಿದರೆ ಟಿಕ್ ಟಿಕ್ ಅಂತ ಕೈಗೆ ತಿಳಿಯುತ್ತದೆ, ಕೊನೆ ಬಂದರೆ ನಿಲ್ಲುತ್ತದೆ.

ನಾಲ್ಕು ವರ್ಷದ ಹಿಂದೆ ನಾನು ಸ್ಕ್ರೀನಿನಲ್ಲಿ ಹಾಡು ಬದಲಾಯಿಸುತ್ತಾ ನಿಂತಿದ್ದ ಗಾಡಿಗೆ ಹಿಂದಿನಿಂದ ಗುದ್ದಿದೆ. ಅದರಲ್ಲಿದ್ದ ಹೆಂಗಸಿಗೆ ಕತ್ತು ಉಳುಕಿ ಮೂರು ವಾರ ಪಟ್ಟಿ ಕಟ್ಟಿಕೊಂಡು ಓಡಾಡಬೇಕಾಯಿತು. ತಪ್ಪು ಪೂರ್ತಿ ನನ್ನದು. ಆವತ್ತಿನಿಂದ ಈ ವಿಷಯದಲ್ಲಿ ಸಿಕ್ಕಿದ್ದೆಲ್ಲಾ ಓದಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಮೊದಲು ಲೆಕ್ಕ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಎರಡು ಸೆಕೆಂಡಿಗೆ 33 ಮೀಟರ್ ಹೋಗುತ್ತದೆ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದವರು 100 ಕಾರುಗಳಿಗೆ ಕ್ಯಾಮೆರಾ ಹಾಕಿ ಜನ ದಿನಾ ಓಡಿಸುವುದನ್ನೇ ದಾಖಲು ಮಾಡಿದರು. 2006ರಲ್ಲಿ ಅದರ ವರದಿ ಬಂತು. ರಸ್ತೆಯಿಂದ ಎರಡು ಸೆಕೆಂಡಿಗಿಂತ ಜಾಸ್ತಿ ಕಣ್ಣು ತೆಗೆದರೆ ಅಪಘಾತದ ಅಪಾಯ ಸುಮಾರು ಎರಡು ಪಟ್ಟು ಅಂತ ಅದರಲ್ಲಿದೆ. ಅಲ್ಲಿನ ರಸ್ತೆ ಸುರಕ್ಷತಾ ಇಲಾಖೆ 2013ರಲ್ಲಿ ಕಾರು ಕಂಪನಿಗಳಿಗೆ ಕೊಟ್ಟ ಸಲಹೆಯೂ ಇದೇ. ಒಂದು ನೋಟ ಎರಡು ಸೆಕೆಂಡ್ ಮೀರಬಾರದು, ಒಂದು ಕೆಲಸಕ್ಕೆ ಎಲ್ಲಾ ಸೇರಿ 12 ಸೆಕೆಂಡ್ ಮೀರಬಾರದು. ಸಲಹೆ ಅಷ್ಟೇ, ಕಡ್ಡಾಯ ಅಲ್ಲ.

ಈಗ ಸ್ವೀಡನ್ನಿನ 'ವಿ ಬಿಲೆಗಾರೆ' ಅನ್ನುವ ಕಾರು ಪತ್ರಿಕೆ 2022ರಲ್ಲಿ ಮಾಡಿದ ಪರೀಕ್ಷೆ ನೋಡಿ. ಹನ್ನೊಂದು ಹೊಸ ಕಾರು, ಜೊತೆಗೆ ಬಟನ್ ಇರುವ 2005ರ ಒಂದು ಹಳೇ ವೋಲ್ವೋ ವಿ70. ಗಂಟೆಗೆ 110 ಕಿ.ಮೀ. ವೇಗದಲ್ಲಿ ಓಡಿಸುತ್ತಾ ಎಸಿ, ರೇಡಿಯೊ ಥರದ ನಾಲ್ಕು ಮಾಮೂಲಿ ಕೆಲಸ ಮಾಡಬೇಕು. ಕಾರಿನ ಪರಿಚಯ ಮಾಡಿಕೊಳ್ಳಲು ಮೊದಲೇ ಸಮಯ ಕೊಟ್ಟಿದ್ದರು. ಹಳೇ ವೋಲ್ವೋದಲ್ಲಿ ಹತ್ತು ಸೆಕೆಂಡಿಗೆ ಎಲ್ಲಾ ಮುಗಿಯಿತು. ಅಷ್ಟರಲ್ಲಿ ಕಾರು ಹೋದದ್ದು 306 ಮೀಟರ್. ಎಲ್ಲಕ್ಕಿಂತ ಹಿಂದೆ ಬಿದ್ದದ್ದು ಎಂಜಿ ಮಾರ್ವೆಲ್ ಆರ್. 44.9 ಸೆಕೆಂಡ್, 1372 ಮೀಟರ್! ಒಂದೂಕಾಲು ಕಿಲೋಮೀಟರಿಗಿಂತ ಜಾಸ್ತಿ ದೂರ ಗಮನ ಹಂಚಿಹೋಗಿತ್ತು ಅಂತ ಆಯಿತು.

ಹಾಗಾದರೆ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋ? ಹನ್ನೆರಡು ವೋಲ್ಟ್ ಅವರು ಹೇಳಿದ್ದು ಸರಿ, ಆದರೆ ಅಷ್ಟಕ್ಕೇ ನಿಲ್ಲಬಾರದು. ಅಮೆರಿಕದ ಎಎಎ ಫೌಂಡೇಶನ್ ಅನ್ನುವ ರಸ್ತೆ ಸುರಕ್ಷತಾ ಸಂಸ್ಥೆ 2018ರಲ್ಲಿ ಹೋಲಿಸಿ ನೋಡಿದಾಗ, ಕಂಪನಿ ಕೊಟ್ಟ ಸ್ಕ್ರೀನ್ ವ್ಯವಸ್ಥೆಗಿಂತ ಇವುಗಳಲ್ಲಿ ಕರೆ ಮಾಡುವುದು ಸರಾಸರಿ 5 ಸೆಕೆಂಡ್ ಬೇಗ ಆಯಿತು, ಹೋಗುವ ಜಾಗ ಹಾಕುವುದು 15 ಸೆಕೆಂಡ್ ಬೇಗ. ಒಳ್ಳೆಯದೇ. ಆದರೆ 2020ರಲ್ಲಿ ಬ್ರಿಟನ್ನಿನ ಟಿಆರ್‌ಎಲ್ ಅನ್ನುವ ಸಾರಿಗೆ ಸಂಶೋಧನಾ ಸಂಸ್ಥೆಯವರು ಸಿಮ್ಯುಲೇಟರಿನಲ್ಲಿ, ಅಂದರೆ ಕಾರು ಓಡಿಸಿದ ಹಾಗೇ ಅನ್ನಿಸುವ ಯಂತ್ರದಲ್ಲಿ, ಪರೀಕ್ಷೆ ಮಾಡಿದರು. ಸ್ಕ್ರೀನ್ ಮುಟ್ಟುತ್ತಾ ಕಾರ್‌ಪ್ಲೇ ಬಳಸುವಾಗ ಎದುರಿಗೆ ಏನಾದರೂ ಆದರೆ ಚಾಲಕರು ಪ್ರತಿಕ್ರಿಯಿಸುವುದು ಶೇ 57ರಷ್ಟು ನಿಧಾನವಾಯಿತು. ಆಂಡ್ರಾಯ್ಡ್ ಆಟೋದಲ್ಲಿ ಶೇ 53. ಹಿಂದಿನ ಪರೀಕ್ಷೆಗಳಲ್ಲಿ ಕೈಯಲ್ಲಿ ಫೋನ್ ಹಿಡಿದು ಮಾತಾಡುವವರದು ಶೇ 46 ಇತ್ತು. ಕುಡಿದು ಅಲ್ಲಿನ ಕಾನೂನಿನ ಮಿತಿಯಲ್ಲಿದ್ದವರದು ಶೇ 12. ಮುಟ್ಟದೆ ಮಾತಿನಲ್ಲೇ ಹೇಳಿದರೆ ಕಡಿಮೆಯಾಗುತ್ತದೆ, ಆದರೂ ಕಾರ್‌ಪ್ಲೇಯಲ್ಲಿ ಶೇ 36, ಆಂಡ್ರಾಯ್ಡ್ ಆಟೋದಲ್ಲಿ ಶೇ 30.

ಈ ಅಂಕಿ ಓದಿದ ದಿನ ನನಗೆ ಗೊತ್ತಾಯಿತು. ಯಾರ ಸ್ಕ್ರೀನು, ಎಷ್ಟು ದೊಡ್ಡದು ಅನ್ನುವುದಕ್ಕಿಂತ ಓಡುವಾಗ ಅದನ್ನು ಮುಟ್ಟುತ್ತೇವಾ ಇಲ್ಲವಾ ಅನ್ನುವುದೇ ದೊಡ್ಡದು. ನಾನು ಗುದ್ದಿದ್ದೂ ಕೈಯಲ್ಲಿ ಫೋನ್ ಇಲ್ಲದೇನೇ.

ಕಂಪನಿಗಳೂ ಈಗ ಹಿಂದಕ್ಕೆ ಬರುತ್ತಿವೆ. ಮಜ್ದಾ 2019ರ ಮಜ್ದಾ 3ರಲ್ಲಿ ಟಚ್ ತೆಗೆದು ನಾಬ್ ಕೊಟ್ಟಿತು. ಯುರೋಪಿನ ಸುರಕ್ಷತಾ ಪರೀಕ್ಷೆ ಯುರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಜಾರ್ಡ್ ಲೈಟ್, ವೈಪರ್, ಹಾರ್ನ್, ತುರ್ತು ಕರೆ ಇವಕ್ಕೆ ನಿಜವಾದ ಬಟನ್ ಅಥವಾ ಕಡ್ಡಿ ಇದೆಯಾ ಅಂತ ನೋಡಿ ಅಂಕ ಕೊಡುತ್ತದೆ. ಈ ಪಟ್ಟಿಯಲ್ಲಿ ಮಬ್ಬು ತೆಗೆಯುವ ಬಟನ್ ಇಲ್ಲ. ಇರಬೇಕಿತ್ತು ಅಂತ ನಿಮ್ಮ ಕಥೆ ಓದಿದ ಮೇಲೆ ಇನ್ನೂ ಗಟ್ಟಿಯಾಗಿ ಅನ್ನಿಸುತ್ತಿದೆ. ವೈಪರ್ ಹೊರಗಿನ ನೀರು ತೆಗೆಯುತ್ತದೆ, ಅದು ಒಳಗಿನ ಆವಿ ತೆಗೆಯುತ್ತದೆ. ಎರಡೂ ಕಾಣುವುದಕ್ಕೇ ತಾನೇ ಇರುವುದು?

ಜರ್ಮನಿಯಲ್ಲಿ ಒಬ್ಬರು ಮಳೆಯಲ್ಲಿ ವೈಪರ್ ವೇಗ ಬದಲಾಯಿಸಲು ಸ್ಕ್ರೀನ್ ನೋಡುತ್ತಾ ರಸ್ತೆ ಬಿಟ್ಟು ಹೋದರು. 2020ರಲ್ಲಿ ಕಾರ್ಲ್ಸ್‌ರುಹೆ ಹೈಕೋರ್ಟ್ ಹೇಳಿದ್ದು ಇದು: ಕಾರಿಗೆ ಕೂರಿಸಿರುವ ಟಚ್‌ಸ್ಕ್ರೀನ್ ಕೂಡ ಫೋನಿನಂಥ ಒಂದು ಎಲೆಕ್ಟ್ರಾನಿಕ್ ಸಾಧನವೇ, ಅದೇ ನಿಯಮ ಇದಕ್ಕೂ. ಅವರಿಗೆ 200 ಯೂರೋ ದಂಡ, ಒಂದು ತಿಂಗಳು ಗಾಡಿ ಓಡಿಸುವಂತಿಲ್ಲ. ಅವರ ಮೇಲೆ ನನಗೆ ಮರುಕ ಇದೆ. ಮಳೆಯಲ್ಲಿ ವೈಪರ್ ಬೇಡ ಅಂತ ಇರಲು ಆಗುತ್ತದಾ?

ಕಲಿಸುವಅಕ್ಕ:

ನಾನು ಡ್ರೈವಿಂಗ್ ಕಲಿಸುತ್ತೇನೆ, ಒಂಬತ್ತು ವರ್ಷ ಆಯಿತು. ಮಗಳು ಕಲಿಯುತ್ತಾಳೆ ಅಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾರು ನೋಡಲು ಹೋದಾಗ ಒಂದು ಕೆಲಸ ಮಾಡಿ ಅಣ್ಣಾ. ಎಂಜಿನ್ ಆಫ್ ಇರಲಿ, ಡ್ರೈವರ್ ಸೀಟಿನಲ್ಲಿ ಕೂತು ಕೈ ಸ್ಟೇರಿಂಗ್ ಮೇಲಿಡಿ. ಐದು ನಿಮಿಷ ಎಲ್ಲಾ ನೋಡಿಕೊಳ್ಳಿ. ಆಮೇಲೆ ಕಣ್ಣು ಮುಚ್ಚಿ. ಪಕ್ಕದಲ್ಲಿ ಮಗಳು ಕೂತು ಹೇಳಲಿ: "ವೈಪರ್ ಜೋರು ಮಾಡು", "ಮುಂದಿನ ಗಾಜಿಗೆ ಗಾಳಿ ಬಿಡು", "ಹಾಡು ನಿಲ್ಲಿಸು", "ಹಜಾರ್ಡ್". ಕಣ್ಣು ತೆರೆಯದೆ ಎಷ್ಟು ಆಗುತ್ತದೆ ಎಣಿಸಿ. ಆಮೇಲೆ ಜಾಗ ಬದಲಾಯಿಸಿ, ಮಗಳಿಗೂ ಮಾಡಿಸಿ. ನನ್ನ ಹತ್ತಿರ ಬರುವ ಪ್ರತಿಯೊಬ್ಬರಿಗೂ ಮೊದಲ ದಿನ ಇದನ್ನೇ ಮಾಡಿಸುತ್ತೇನೆ. ಗೇರು, ಕ್ಲಚ್ಚು ಎರಡನೇ ದಿನ.

ಹೊಸಬರಿಗೆ ಸ್ಕ್ರೀನ್ ಇನ್ನೂ ಕಷ್ಟ. ಅವರ ಕಣ್ಣು ಮೊದಲೇ ತುಂಬಿರುತ್ತದೆ. ಕನ್ನಡಿ ನೋಡಬೇಕು, ಸ್ಪೀಡ್ ನೋಡಬೇಕು, ಅಡ್ಡ ಬರುವವರನ್ನು ನೋಡಬೇಕು. ಮೊದಲ ಆರು ತಿಂಗಳು ಮ್ಯಾಪಿನ ಚಿತ್ರವೇ ಬೇಡ, ದನಿ ಒಂದೇ ಸಾಕು. ಜಾಗ ಹಾಕುವುದು, ಹಾಡು ಆರಿಸುವುದು ಎಲ್ಲಾ ಹ್ಯಾಂಡ್‌ಬ್ರೇಕ್ ಎಳೆದಿರುವಾಗಲೇ. ನಡುದಾರಿಯಲ್ಲಿ ಬದಲಾಯಿಸಬೇಕು ಅನ್ನಿಸಿದರೆ ನಿಲ್ಲಿಸಬೇಕು, ಇಲ್ಲವೇ ಪಕ್ಕದಲ್ಲಿ ಕೂತವರು ಮಾಡಬೇಕು. ಪಕ್ಕದಲ್ಲಿ ಕೂತವರಿಗೆ ಅದು ಕೆಲಸ ಅಂತ ಗೊತ್ತಿರಲಿ. ಸುಮ್ನೆ ಕೂರುವುದಲ್ಲ.

ಫೋನಿನಲ್ಲಿ 'ಡ್ರೈವಿಂಗ್' ಮೋಡ್ ಇರುತ್ತದೆ, ಅದನ್ನು ಆನ್ ಮಾಡಿ. ಕಾರಿನ ಬ್ಲೂಟೂತಿಗೆ ಸೇರಿದ ಕೂಡಲೇ ತಾನೇ ಶುರುವಾಗುವ ಹಾಗೆ ಮಾಡಿಕೊಂಡರೆ ಮೆಸೇಜ್ ಇಳಿದು ಬಾಣ ಮುಚ್ಚುವುದು ನಿಲ್ಲುತ್ತದೆ.

ಮಳೆದಾರಿ:

ಎಲ್ಲರಿಗೂ ಕೈ ಮುಗಿದು ವಂದನೆ. ಅಕ್ಕ ಹೇಳಿದ ಹಾಗೆ ನಿನ್ನೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಎರಡೂ ಮಾಡೆಲ್‌ನಲ್ಲಿ ಕಣ್ಣು ಮುಚ್ಚಿ ಕೂತೆವು. ಮಾರುವ ಹುಡುಗ ಮೊದಲು ಗಾಬರಿಯಾದ, ಆಮೇಲೆ ತಾನೂ ಕೂತು ನೋಡಿದ.

ಕೆಳಗಿನ ಮಾಡೆಲ್‌ನಲ್ಲಿ ಎಂಟು ಕೆಲಸದಲ್ಲಿ ಏಳು ಆಯಿತು ನನಗೆ. ಮಗಳಿಗೆ ಆರು. ಮೇಲಿನ ಮಾಡೆಲ್‌ನಲ್ಲಿ ನನಗೆ ಮೂರು: ಇಂಡಿಕೇಟರ್, ಹಾರ್ನ್, ಹಜಾರ್ಡ್. ವೈಪರ್ ಕಡ್ಡಿ ಸಿಕ್ಕಿತು, ಆದರೆ ಒತ್ತಿದರೆ ಒಂದೇ ಸಲ ಒರೆಸುತ್ತದೆ. ವೇಗ ಬದಲಾಯಿಸಲು ಮತ್ತೆ ಸ್ಕ್ರೀನಿಗೇ ಹೋಗಬೇಕು. ಮಗಳು ನನ್ನ ಬೆರಳು ಹಿಡಿದು ಆ ಬಾಗಿದ ಗಾಜಿನ ಚಿತ್ರದ ಮೇಲೆ ಇಟ್ಟಳು. "ಇಲ್ಲಿ ಅಪ್ಪಾ" ಅಂದಳು. ಕೈ ತೆಗೆದು ಮತ್ತೆ ಇಡಲು ಹೋದೆ. ಎರಡು ಬೆರಳಿನಷ್ಟು ಪಕ್ಕಕ್ಕೆ ಹೋಯಿತು. ಮೂರು ಸಲ ಮಾಡಿದೆ, ಮೂರೂ ಸಲ ಬೇರೆ ಬೇರೆ ಜಾಗ.

ನೀಲಿದೀಪ ಅವರೇ, ಹಿಂದಿನ ಕ್ಯಾಮೆರಾ ವಿಷಯ ನಿಮ್ಮದು ನಿಜ. ದೊಡ್ಡ ಸ್ಕ್ರೀನಿನಲ್ಲಿ ಅದು ಎಷ್ಟು ಚೆನ್ನಾಗಿ ಕಾಣುತ್ತದೆ ಅಂತ ನೋಡಿದೆ, ಬಿಟ್ಟುಕೊಡಲು ಬೇಜಾರೇ ಆಯಿತು. ಕೆಳಗಿನ ಮಾಡೆಲ್‌ನಲ್ಲೂ ಕ್ಯಾಮೆರಾ ಇದೆ, ಚಿತ್ರ ಚಿಕ್ಕದು.

ಕೆಳಗಿನ ಮಾಡೆಲ್ಲೇ ಬುಕ್ ಮಾಡಿದೆವು. ಕಾರ್‌ಪ್ಲೇ, ಆಂಡ್ರಾಯ್ಡ್ ಆಟೋ ಎರಡೂ ಇದೆ. ಫೋನ್ ಖಾನೆಯಲ್ಲಿ ಇಡುವುದು, ಮ್ಯಾಪ್ ಹಾಕಿ ಆದ ಮೇಲೇ ಹ್ಯಾಂಡ್‌ಬ್ರೇಕ್ ಬಿಡುವುದು ಅಂತ ಅಪ್ಪ ಮಗಳು ಮಾತಾಡಿಕೊಂಡಿದ್ದೇವೆ. ನಾನು ತಪ್ಪಿದರೆ ಅವಳು ಹೇಳಬೇಕು, ಅವಳು ತಪ್ಪಿದರೆ ನಾನು.

ಹನ್ನೆರಡು ವೋಲ್ಟ್ ಅವರಿಗೆ ಒಂದು ಪ್ರಶ್ನೆ. ಟೆಸ್ಟ್ ಡ್ರೈವ್‌ನಲ್ಲಿ ನನ್ನ ಕೇಬಲ್ ಹಾಕಿದರೆ ಫೋನ್ ಚಾರ್ಜ್ ಆಯಿತು, ಆದರೆ ಸ್ಕ್ರೀನಿನಲ್ಲಿ ಏನೂ ಬರಲಿಲ್ಲ. ಕಾರಿನದು ತೊಂದರೆನಾ?

ಹನ್ನೆರಡು ವೋಲ್ಟ್:

ಕಾರಿನದಲ್ಲ ಸರ್, ಕೇಬಲ್‌ನದು ಇರಬೇಕು. ಕೆಲವು ಕೇಬಲ್ ಒಳಗೆ ಕರೆಂಟಿನ ಎರಡು ತಂತಿ ಮಾತ್ರ ಇರುತ್ತವೆ, ಡೇಟಾ ತಂತಿ ಇರಲ್ಲ. ಅದು ಚಾರ್ಜಿಗೆ ಮಾತ್ರ. ಫೋನಿನ ಜೊತೆ ಬಂದ ಕೇಬಲ್ ಇದ್ದರೆ ಅದನ್ನೇ ಹಾಕಿ ನೋಡಿ. ಅರ್ಧ ಮೀಟರಿನದು ಸಾಕು, ಉದ್ದ ಇದ್ದರೆ ಗೇರಿಗೆ ಸುತ್ತಿಕೊಳ್ಳುತ್ತದೆ. ಫೋನಿನ ತೂತಿನಲ್ಲಿ ಜೇಬಿನ ನೂಲು, ಧೂಳು ಕೂತಿದ್ದರೂ ಹೀಗೇ ಆಗುತ್ತದೆ. ಮರದ ಹಲ್ಲುಕಡ್ಡಿಯಲ್ಲಿ ಮೆಲ್ಲಗೆ ತೆಗೆಯಿರಿ, ಪಿನ್ನು ಸೂಜಿ ಹಾಕಬೇಡಿ.